ಹಿಂದಿನ ಸೀಟಿನ ಪಾಠ

ಕ್ಲಚ್, ಮಿಸ್, ಕ್ಲಚ್! ಪೂರ್ತಿ ಒತ್ತಿ... ಹಾಂ, ಈಗ ಸೆಕೆಂಡ್ ಗೇರ್. ಆಯ್ತು ನೋಡಿ, ಎಷ್ಟು ಸಲೀಸು! ಗಾಬರಿ ಬೇಡ, ನನ್ನ ಕಾಲ ಹತ್ರಾನೂ ಒಂದು ಬ್ರೇಕಿದೆ. ಡ್ರೈವಿಂಗ್ ಸ್ಕೂಲ್ ಕಾರು ಅಂದ್ರೆ ಅದೇ ಧೈರ್ಯ. ನೀವು ಮರೆತ್ರೂ ಪಕ್ಕದಲ್ಲಿ ಕೂತಿರೋ ನಾನು ಮರೆಯಲ್ಲ.

ಏನು ಹೇಳ್ತಿದ್ದೆ? ಹಾಂ, ನಮ್ಮ ಹುಡುಗಿ ಬುಗುರಿ ವಿಷಯ. ನಿಜ ಹೇಳ್ಬೇಕಂದ್ರೆ ಇವತ್ತು ನೀವು ಬರಲ್ಲ ಅಂದ್ಕೊಂಡಿದ್ದೆ. ನಿನ್ನೆ ನಿಮ್ಮ ಕ್ಲಾಸಲ್ಲಿ ನನ್ನ ಮಗಳು ಅಷ್ಟು ದೊಡ್ಡ ರಾದ್ಧಾಂತ ಮಾಡಿದ್ದಾಳೆ, ಬೆಳಗಾಗೆದ್ದು ಅವಳಪ್ಪನ ಪಕ್ಕದಲ್ಲೇ ಕೂತು ಕಾರು ಕಲಿಯೋದು ಅಂದ್ರೆ... ದೊಡ್ಡ ಮನಸ್ಸು ನಿಮ್ಮದು. ಅಯ್ಯೋ, ಬೆಣ್ಣೆ ಹಚ್ತಿಲ್ಲ ಮಿಸ್. ಯಾಕೆ ಹಾಗೆ ನೋಡ್ತೀರಿ? ರಸ್ತೆ ನೋಡಿ, ರಸ್ತೆ!

ನಿಮ್ಮ ಹತ್ರ ಒಂದೇ ಒಂದು ಮಾತು ಕೇಳ್ಕೊಳ್ಳೋದಿತ್ತು. ಇವತ್ತು ಹತ್ತು ಗಂಟೆಗೆ ಹೆಡ್ ಮಿಸ್ ನಮ್ಮನ್ನೂ ಕರೆದಿದ್ದಾರೆ, ಆ ಮೆಡಿಕಲ್ ಶಾಪಿನವರನ್ನೂ ಕರೆದಿದ್ದಾರೆ. ಪಾಪ, ಅವರ ಮಗಳ ಬೆರಳೇ ಅಲ್ವಾ ಬೀರು ಬಾಗಿಲಿಗೆ ಸಿಕ್ಕಿಹಾಕ್ಕೊಂಡಿದ್ದು. ನಿನ್ನೆ ಸಾಯಂಕಾಲ ಅಂಗಡಿಗೆ ಹೋಗಿ ಕೈ ಮುಗಿದು ಬಂದೆ. ಅವರು ಮಾತಾಡ್ಲಿಲ್ಲ, ಮಾತ್ರೆ ಎಣಿಸ್ತಾನೇ ಇದ್ರು. ಅಲ್ಲಿ, ಹೆಡ್ ಮಿಸ್ ಎದುರಿಗೆ, ನೀವು ಇಷ್ಟೇ ಅಂದ್ಬಿಡಿ: 'ಮಗು ನೋಡ್ಲಿಲ್ಲ. ಆಟದ ಭರದಲ್ಲಿ ಬಾಗಿಲು ಹಾಕಿಬಿಡ್ತು, ಗೆಳತಿ ಕೈ ಅಲ್ಲಿದ್ದದ್ದು ಗೊತ್ತಿರ್ಲಿಲ್ಲ.' ನೀವು ಹೇಳಿದ್ರೆ ನಂಬ್ತಾರೆ. ಇಲ್ಲಾಂದ್ರೆ ಅವಳನ್ನ ಶಾಲೆಯಿಂದ ತೆಗೀತಾರೆ. ಇನ್ನೂ ಸರಿಯಾಗಿ ಚಪ್ಪಲಿ ಹಾಕ್ಕೊಳ್ಳೋಕೆ ಬರಲ್ಲ ಮಿಸ್ ಅವಳಿಗೆ, ಎಡಗಾಲಿಂದು ಬಲಗಾಲಿಗೆ ಹಾಕ್ಕೊಂಡು ಓಡ್ತಾಳೆ. ಅಂಥ ಮಗೂಗೆ ಈಗಲೇ 'ಕೆಟ್ಟ ಹುಡುಗಿ' ಅಂತ ಹಣೆಪಟ್ಟಿ ಕಟ್ಟಿದ್ರೆ ಜನ್ಮವಿಡೀ ಹೋಗಲ್ಲ.

ಸ್ವಲ್ಪ ನಿಧಾನ... ಮುಂದೆ ಸೈಕಲ್ ಇದೆ. ಹಾಂ, ಹಾಗೇ.

ಅವಳಮ್ಮ ಬರಲ್ಲ ಮಿಸ್, ನಾನೊಬ್ನೇ ಬರ್ತೀನಿ. ಅವಳ ಕೈಗೆ ಏಟಾಗಿದೆ. ಬಲಗೈ, ಎರಡು ಬೆರಳು. ಹೋದ ಭಾನುವಾರ ಇದೇ ಕಾರಿನ ಬಾಗಿಲು ಗಾಳಿಗೆ ಬಡೀತು. ಏನ್ಮಾಡೋದು, ಗ್ರಹಚಾರ. ಒಲೆ ಮುಂದೆ ನಿಂತು ಎಡಗೈಲಿ ಸೌಟು ತಿರುಗಿಸ್ತಾಳೆ. ನಾನು ತಿರುಗಿಸ್ತೀನಿ ಅಂದ್ರೆ ಬೇಡ ಅಂತಾಳೆ.

ಯಾಕೆ ಮಿಸ್, ಮತ್ತೆ ಹಾಗೆ ತಿರುಗಿ ನೋಡ್ತೀರಿ? ದಿನಾ 'ಗೇರ್ ಯಾವಾಗ ಬದಲಾಯಿಸ್ಲಿ, ಹಾರ್ನ್ ಹೊಡೀಲಾ' ಅಂತ ನೂರು ಕೇಳ್ತಿದ್ರಿ.

ನಾನು ಯೋಚ್ನೆ ಮಾಡ್ತಾನೇ ಇದ್ದೀನಿ, ಇದೆಲ್ಲಿಂದ ಬಂತು ಈ ಹುಡುಗೀಗೆ ಅಂತ. ಟೀವಿ ಅಂತೀರಾ? ಟೀವಿ ಇದೆ. ಎದುರು ಮನೆ ಗುಂಡ ಇದಾನೆ, ಹಲ್ಲು ಕಚ್ಕೊಂಡೇ ಹುಟ್ಟಿರ್ಬೇಕು ಅವನು, ಬೆಕ್ಕಿನ ಬಾಲ ಎಳೀತಾನೆ. ಅವನ ಜೊತೆ ಆಡ್ಬೇಡ ಅಂತ ನಾನೇ ಬೈದಿದ್ದೀನಿ, ಎರಡು ಬಿಗಿದೂ ಇದ್ದೀನಿ... ಅಂದ್ರೆ ಹಾಗೆಲ್ಲ ಏನಲ್ಲ, ಮೆಲ್ಲಗೆ. ಬುದ್ಧಿ ಹೇಳೋಕೆ. ಇನ್ನು 'ನೂಲಿನಂತೆ ಸೀರೆ, ತಾಯಿಯಂತೆ ಮಗಳು' ಅಂತಾರಲ್ಲ, ಆ ಲೆಕ್ಕ ಹಿಡಿದ್ರೂ ಆಗಲ್ಲ. ಅವಳಮ್ಮ ಇರುವೆ ಸಾಲು ಕಂಡ್ರೆ ದಾಟಿ ಹೋಗೋಳು. ಅವಳ ದನಿ ಪಕ್ಕದ ಕೋಣೆಗೂ ಕೇಳ್ಸಲ್ಲ. ಹಾಗಿದ್ಮೇಲೆ ತಾಯಿಯಂತೆ ಅಲ್ಲ. ತಾಯಿಯಂತೆ ಅಲ್ಲ ಅಂದ್ರೆ ಮತ್ತೆ...

ನಗ್ತಿದ್ದೀರಾ? ಇಲ್ವಾ? ನಕ್ಕ ಹಾಗೆ ಕಂಡ್ತು. ನೀವು ಏನೂ ಕೇಳೇ ಇಲ್ಲ, ನಾನೇ ಒದರ್ತಿದ್ದೀನಿ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂದ ಹಾಗಾಯ್ತು!

ನನ್ನನ್ನ ಈ ಊರಲ್ಲಿ ಏನಂತ ಕರೀತಾರೆ ಗೊತ್ತಾ? ತಣ್ಣೀರು ಮೇಷ್ಟ್ರು. ಕಾರು ತಗೊಂಡೋಗಿ ಚರಂಡಿಗೆ ಇಳಿಸಿದೋರಿಗೂ ನಾನು 'ಪರವಾಗಿಲ್ಲ, ಇನ್ನೊಂದ್ಸಲ' ಅಂತೀನಿ. ನಿಮಗೇ ಗೊತ್ತಲ್ಲ, ಮೊನ್ನೆ ನೀವು ಆ ಕಾಂಪೌಂಡ್ ಗೋಡೆಗೆ ಮುತ್ತು ಕೊಟ್ಟಾಗ ನಾನು ಒಂದು ಮಾತು ಜೋರಾಗಿ ಆಡಿದ್ನಾ? ಇಲ್ಲ. ಯಾರನ್ನಾದ್ರೂ ಕೇಳಿ. ಮತ್ತೆ ನನ್ನ ಪದ್ಧತಿ ನೋಡಿದ್ದೀರಲ್ಲ, ಬೇರೆ ಸ್ಕೂಲಿನೋರು ಮೊದಲ ದಿನಾನೇ ಸ್ಟೇರಿಂಗ್ ಕೈಗೆ ಕೊಡ್ತಾರೆ. ನಾನು ಕೊಡಲ್ಲ. ಮೊದಲು ಹಿಂದಿನ ಸೀಟಲ್ಲಿ ಕೂರಿಸ್ತೀನಿ. ಸುಮ್ನೆ ಕೂತು ನೋಡಿ ಅಂತೀನಿ, ಮುಂದಿನೋರು ಏನು ಮಾಡ್ತಾರೆ ಅಂತ. ನಿಮ್ಮನ್ನೂ ಕೂರಿಸಿದ್ದೆ, ಆ ಟೈಲರ್ ಮೇಡಂ ಓಡಿಸುವಾಗ. ಹೇಳಿಕೊಟ್ಟಿದ್ದು ಕಿವೀಲಿ ಹೋಗುತ್ತೆ, ನೋಡಿದ್ದು ಕೈಕಾಲಿಗೆ ಇಳಿಯುತ್ತೆ. ಅರ್ಧ ಡ್ರೈವಿಂಗು ಹಿಂದಿನ ಸೀಟಲ್ಲೇ ಬಂದ್ಬಿಡುತ್ತೆ ಮಿಸ್!

ಬುಗುರೀನೂ ಹಾಗೇ. ಒಂದು ಕಡೆ ನಿಲ್ಲೋಳಲ್ಲ, ಅದಕ್ಕೇ ಆ ಹೆಸರು. ಆದ್ರೆ ಕಾರಿನ ಹಿಂದಿನ ಸೀಟಲ್ಲಿ ಕೂತ್ರೆ ಬೊಂಬೆ. ಎರಡೂ ಸೀಟಿನ ಮಧ್ಯ ಗಲ್ಲ ಇಟ್ಕೊಂಡು ನೋಡ್ತಾ ಇರ್ತಾಳೆ. ಮನೇಲಿ ತಟ್ಟೆ ಹಿಡ್ಕೊಂಡು ತಿರುಗಿಸ್ತಾಳೆ, 'ಕನ್ನಡಿ ನೋಡಿ, ಸಿಗ್ನಲ್ ಹಾಕಿ, ನಿಧಾನಕ್ಕೆ ಬಿಡಿ' ಅಂತ ಥೇಟ್ ನನ್ನ ದನೀಲೇ. ನಾನು ಯಾವತ್ತೂ ಕೂರಿಸ್ಕೊಂಡು ಹೇಳಿಕೊಟ್ಟಿಲ್ಲ. ಎಲ್ಲಾ ನೋಡಿ ನೋಡೇ ಕಲಿತಿದ್ದು. ಬಂದೋರ ಮುಂದೆಲ್ಲ ಎದೆ ಉಬ್ಬಿಸ್ಕೊಂಡು ಹೇಳ್ತಿದ್ದೆ...

ಹೇಳ್ತಿದ್ದೆ.

ಮುಂದೆ ಸರ್ಕಲ್ ಬರುತ್ತೆ, ಬಲಕ್ಕೆ ಹೋಗೋಣ, ಮೈದಾನದ ಕಡೆಗೆ.

ನಿನ್ನೆ ಗೇಟಿನ ಹತ್ರ ನಿಮ್ಮ ಆಯಮ್ಮ ಎಲ್ಲಾ ಹೇಳಿದ್ಲು. ಆಟದ ಸಾಮಾನಿನ ಬೀರು ಖಾಲಿ ಮಾಡಿ ಅದನ್ನೇ ಕಾರು ಮಾಡ್ಕೊಂಡಿದ್ರಂತೆ ಇಬ್ಬರೂ. ಮೊದಲು ಮೆಡಿಕಲ್ ಶಾಪಿನವರ ಮಗಳು ಡ್ರೈವರ್. ಆಮೇಲೆ ಬುಗುರಿ 'ಇಳಿಯೇ ಕೆಳಗೆ, ನಿನ್ನ ಕೈಲಿ ಆಗಲ್ಲ' ಅಂತ ಅವಳನ್ನ ಇಳಿಸಿ ತಾನು ಕೂತ್ಲಂತೆ. ಆಮೇಲೆ ಬಾಗಿಲು. ಆ ಮಗು ಕಿರುಚಿದ್ದು ಹೊರಗೆ ಅಂಗಳಕ್ಕೆ ಕೇಳ್ತಂತೆ. ಆಯಮ್ಮ ಓಡಿ ಬಂದು ನೋಡಿದ್ರೆ ನಮ್ಮೋಳು ಅದರ ಬೆರಳು ಹಿಡ್ಕೊಂಡು ಉಫ್ ಉಫ್ ಅಂತ ಊದ್ತಾ, 'ಗಾಳಿ ಕಣೇ, ಗಾಳಿಗೆ ಬಡೀತು, ಮನೇಲಿ ಕೇಳಿದ್ರೆ ಗಾಳಿ ಅಂತ ಹೇಳು' ಅಂತಿದ್ಲಂತೆ. ಬೀರು ಒಳಗೆ ಗಾಳಿ! ಕಿಟಕಿ ಎಲ್ಲ ಮುಚ್ಚಿತ್ತಂತೆ! ಆಯಮ್ಮ ಹೇಳುವಾಗ ಒಂದು ಕ್ಷಣ ನನಗೆ ನಗು ಬಂದ್ಬಿಡ್ತು. ಮಕ್ಕಳ ಬುದ್ಧಿ ನೋಡಿ, ಗಾಳಿ ಅಂತೆ ಗಾಳಿ...

...

ಹಾಂ. ನಾನೂ ಆಗಲೇ ಗಾಳಿ ಅಂದೆ, ಅಲ್ವಾ. ನೀವು ಅದಕ್ಕೇ ನೋಡಿದ್ರಿ.

ಅದು ಬೇರೆ, ಇದು ಬೇರೆ. ಭಾನುವಾರ ಗಾಳಿ ಇತ್ತು. ಸ್ವಲ್ಪ ಇತ್ತು.

ಮಿಸ್, ಬಲಕ್ಕೆ ಅಂದ್ನಲ್ಲ. ಎಡಕ್ಕೆ ಸಿಗ್ನಲ್ ಹಾಕಿದ್ದೀರಿ. ಸಿಗ್ನಲ್ ಸರಿಯಾಗೇ ಹಾಕಿದ್ದೀರಿ, ಕನ್ನಡೀನೂ ನೋಡಿದ್ರಿ, ತಪ್ಪು ಹಿಡಿಯೋ ಹಾಗಿಲ್ಲ... ಆದ್ರೆ ಇದು ನಮ್ಮ ಮನೆ ರಸ್ತೆ. ಯಾಕೆ ಈ ಕಡೆ? ಅವಳಮ್ಮನ ಹತ್ರ ಮಾತಾಡ್ಬೇಕಾ? ಬೇಡ ಮಿಸ್, ಅವಳು ಮಲಗಿರ್ತಾಳೆ. ಇಲ್ಲ, ಈ ಹೊತ್ತಿಗೆ ಮಲಗಿರಲ್ಲ. ಸುಳ್ಳು ಹೇಳಿದೆ. ನೋಡಿ, ನನ್ನ ಕಾಲು ಬ್ರೇಕ್ ಮೇಲೇ ಇದೆ. ಒತ್ತಿದ್ರೆ ಕಾರು ಇಲ್ಲೇ ನಿಲ್ಲುತ್ತೆ...

ಒತ್ತಲ್ಲ ಬಿಡಿ. ನಡೀರಿ. ಮೂರನೇ ಗೇರ್ ಬೇಡ, ಇಲ್ಲಿ ಮಕ್ಕಳು ಅಡ್ಡ ಬರ್ತಾರೆ.

ಸರಿ, ಗಾಳಿ ಅಲ್ಲ. ಬಾಗಿಲು ಹಾಕಿದ್ದು ನಾನೇ. ಆದ್ರೆ ನೋಡ್ಲಿಲ್ಲ ಮಿಸ್, ದೇವರಾಣೆ ನೋಡ್ಲಿಲ್ಲ. ಅವಳಮ್ಮನಿಗೂ ಕಾರು ಕಲಿಸೋಣ ಅಂತ ಹೊರಟಿದ್ದೆ, ಬುಗುರಿ ಹಿಂದಿನ ಸೀಟಲ್ಲಿ. ಸರ್ಕಲ್ಲಿನ ನಟ್ಟ ನಡುವೆ ಕಾರು ಆಫ್ ಮಾಡ್ಕೊಂಡ್ಲು. ಒಂದ್ಸಲ ಅಲ್ಲ, ಮೇಲಿಂದ ಮೇಲೆ. ಹಿಂದೆ ಎಲ್ಲ ಹಾರ್ನು. ಅಷ್ಟರಲ್ಲಿ ಆ ಇನ್ನೊಂದು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಪಕ್ಕದಲ್ಲಿ ಬಂದು ಗಾಜಿಳಿಸಿ, 'ಏನ್ ಮೇಷ್ಟ್ರೇ, ಊರಿಗೆಲ್ಲ ಕಲಿಸ್ತೀರಿ, ಮನೆಯೋರಿಗೇ ಬರಲ್ವಾ?' ಅಂದ. ಅವನ ಹಲ್ಲು ಇನ್ನೂ ನನ್ನ ಕಣ್ಣ ಮುಂದಿದೆ. ಮೈಯೆಲ್ಲ ಉರೀತು. 'ಇಳಿಯೇ ಕೆಳಗೆ, ನಿನ್ನ ಕೈಲಿ ಆಗಲ್ಲ' ಅಂದೆ.

ಹೌದು ಮಿಸ್. ಅದೇ ಮಾತು. ಕೇಳಿಸ್ಕೊಂಡ್ರಲ್ಲ, ಅದೇ.

ಅವಳು ಇಳಿದ್ಲು. ನಾನು ಸುತ್ತಿ ಬಂದು ಸ್ಟೇರಿಂಗ್ ಹತ್ರ ಕೂತೆ. ಅವಳು ಹೋಗಿ ಆ ಕಡೆ ಕೂರ್ಬೇಕೋ ಬೇಡ್ವೋ? ಅಲ್ಲೇ ಬಾಗಿಲ ಹತ್ರ ನಿಂತು, ಚೌಕಟ್ಟು ಹಿಡ್ಕೊಂಡು, ಬಗ್ಗಿ ಮೆಲ್ಲಗೆ ಅಂದ್ಲು, 'ಮಗು ಎದುರಿಗೆ ಹೀಗೆಲ್ಲ ಅನ್ಬೇಡಿ'. ಅಷ್ಟೇ ಅಂದಿದ್ದು. ನಾನು ಬಾಗಿಲು ಎಳೆದೆ. ಕೋಪದಲ್ಲಿ ಎಳೆದೆ, ಬೆರಳು ಅಲ್ಲಿದ್ದದ್ದು ಗೊತ್ತಾಗ್ಲಿಲ್ಲ. ಆಮೇಲೆ ನಾನೇ ಊದಿದೆ, ನಾನೇ ಐಸ್ ಇಟ್ಟೆ, ಕಣ್ಣೀರೂ ಹಾಕ್ದೆ. ಡಾಕ್ಟರ್ ಕೇಳಿದ್ರೆ ಗಾಳಿ ಅಂತ ಹೇಳು ಅಂದೆ. ಅವಳು ಹಾಗೇ ಹೇಳಿದ್ಲು. ಮೆಡಿಕಲ್ ಶಾಪಲ್ಲಿ ಮುಲಾಮು ತಗೊಳ್ಳುವಾಗ ನಾನೂ ಹಾಗೇ ಹೇಳಿದೆ, ಬುಗುರಿ ನನ್ನ ಕೈ ಹಿಡ್ಕೊಂಡು ಪಕ್ಕದಲ್ಲೇ ನಿಂತಿದ್ಲು.

ಏನಾದ್ರೂ ಅನ್ನಿ ಮಿಸ್. ಛೀ ಅಂತ ಆದ್ರೂ ಅನ್ನಿ.

ಒಂದು ಕೇಳ್ಲಾ? ಆಯಮ್ಮ ಬಂದಿದ್ದು ಕಿರುಚಾಟ ಕೇಳಿದ್ಮೇಲೆ. ಮೊದಲಿಂದ ಕ್ಲಾಸಲ್ಲಿ ಇದ್ದೋರು ನೀವೊಬ್ಬರೇ. ಬುಗುರಿ ಬಾಗಿಲು ಎಳೆಯೋ ಮುಂಚೆ... ಆ ಮಗೂನ ಬೆರಳನ್ನ ನೋಡಿದ್ಲಾ? ಬಾಯಿ ಬಿಟ್ಟು ಹೇಳೋದು ಬೇಡ, ತಲೆ ಅಲ್ಲಾಡಿಸಿ ಸಾಕು. ಇಲ್ಲ ಅನ್ನಿ.

'ಇಲ್ಲ' ಅನ್ನೋದು ಎಷ್ಟು ಸುಲಭ ಮಿಸ್. ಇಲ್ಲ ಅನ್ನೋ ಹಾಗಿದ್ರೆ ನೀವು ಇಷ್ಟು ಹೊತ್ತಿಗೆ ಅಂದಿರ್ತಿದ್ರಿ, ನಾನು ಕೇಳೋಕೆ ಮುಂಚೇನೇ ಅಂದಿರ್ತಿದ್ರಿ.

ನೋಡಿದ್ಲು. ನೋಡಿ, ಆಮೇಲೆ ಎಳೆದ್ಲು.

ಅಷ್ಟು ಚಿಕ್ಕ ಮಗೂಗೆ ಅದು ಹೇಗೆ ಹೊಳೆಯುತ್ತೆ? ಕೋಪ ಬಂದ್ರೆ ಮಕ್ಕಳು ಹೊಡೀತಾವೆ, ಪರಚ್ತಾವೆ, ನೆಲಕ್ಕೆ ಬಿದ್ದು ಒದ್ದಾಡ್ತಾವೆ. ಬೆರಳಿದೆ ಅಂತ ನೋಡಿ, ಒಂದು ಗಳಿಗೆ ತಡೆದು, ಆಮೇಲೆ ಬಾಗಿಲು ಎಳೆಯೋದು... ಅದು ತಾನಾಗೇ ಬರೋದಲ್ಲ. ಅದನ್ನ ಯಾರೋ ಮಾಡಿ ತೋರಿಸ್ಬೇಕು. ಅವಳು ಹಿಂದಿನ ಸೀಟಲ್ಲಿ, ಮಧ್ಯದಲ್ಲಿ ಗಲ್ಲ ಇಟ್ಕೊಂಡು ಕೂತಿದ್ಲು. ಮೇಲೆ ಕನ್ನಡಿ. ನನ್ನ ಕಣ್ಣು ಎತ್ತ ಹೋಯ್ತು, ಎಲ್ಲಿ ನಿಂತಿತು, ಎಲ್ಲಾ ಅವಳಿಗೆ ಕಾಣ್ತಿತ್ತು.

ಇದೇ ಮನೆ. ಹಾಂ, ನಿಮಗೆ ಗೊತ್ತಲ್ಲ. ಕ್ಲಚ್... ಬ್ರೇಕ್... ಚೆನ್ನಾಗಿ ನಿಲ್ಲಿಸಿದ್ರಿ.

ಇಳೀಬೇಡಿ ಮಿಸ್, ಒಂದು ನಿಮಿಷ. ನೀವು ಒಳಗೆ ಹೋಗಿ ಅವಳಮ್ಮನ್ನ ಕೇಳಿದ್ರೆ ಗಾಳಿ ಅಂತಾಳೆ. ಮಗಳನ್ನ ಕೇಳಿದ್ರೂ ಗಾಳಿ ಅಂತಾಳೆ. ಇಡೀ ಮನೆಗೆ ಪಾಠ ಮಾಡಿಟ್ಟಿದ್ದೀನಿ ನಾನು. ನಾಳೆ ಮೆಡಿಕಲ್ ಶಾಪಿನವರ ಮಗಳೂ ಅದನ್ನೇ ಅಂದಾಳು.

ನೋಡಿದ್ದೆ ಮಿಸ್. ನಾಲ್ಕೂ ಬೆರಳು ಸಾಲಾಗಿ ಕಂಡ್ವು, ಉಂಗುರಾನೂ ಕಂಡ್ತು. ಕೈ ತೆಗಿ ಅನ್ನೋಕೆ ಬೇಕಾದಷ್ಟು ಹೊತ್ತಿತ್ತು. ಅನ್ಲಿಲ್ಲ. ನೋವಾಗ್ಲಿ ಅಂತಾನೇ ಎಳೆದೆ. ಇದನ್ನ ನಾನು ಯಾರ ಹತ್ರಾನೂ... ನನ್ನ ಹತ್ರಾನೂ ಹೇಳ್ಕೊಂಡಿರ್ಲಿಲ್ಲ. ಹತ್ತು ಗಂಟೆಗೆ ನೀವು ಕಂಡಿದ್ದೇ ಹೇಳಿ. ನಾನು ಕೇಳ್ಕೊಂಡಿದ್ದು ಬೇಡ, ಬಿಟ್ಬಿಡಿ. ಆದ್ರೆ ಅವಳು ಎಲ್ಲಿ ಕಲಿತ್ಲು ಅನ್ನೋದನ್ನ ನಾನು ಹೇಳ್ತೀನಿ, ಆ ಮೆಡಿಕಲ್ ಶಾಪಿನವರ ಮುಖ ನೋಡಿ ಹೇಳ್ತೀನಿ. ಹೇಳೋಕೆ ಬರುತ್ತೋ ಇಲ್ವೋ...

ಅಗೋ, ಬಂದ್ಲು. ಕಾರಿನ ಸದ್ದು ಕೇಳಿದ್ರೆ ಸಾಕು ಓಡಿ ಬರ್ತಾಳೆ, ನೋಡಿ ಚಪ್ಪಲಿ. ಬಾ ಬುಗುರಿ, ಬಾ. ಮಿಸ್ ಬಂದಿದ್ದಾರೆ. ಯಾಕೆ ಅಲ್ಲೇ ನಿಂತೆ? ಇಲ್ಲ ಕಣೇ, ಬೈಯಲ್ಲ. ನಾನು ಬಾಗಿಲು ತೆಗೆದೇ ಇಟ್ಟಿರ್ತೀನಿ, ನೋಡು... ಕೈ ಯಾಕಮ್ಮಾ ಬೆನ್ನ ಹಿಂದೆ ಇಟ್ಕೊಂಡೆ?

ನೋಡಿದ್ರಾ ಮಿಸ್.

ಆಯ್ತು, ಹತ್ರ ಬರ್ಬೇಡ. ಅಲ್ಲೇ ನಿಂತ್ಕೊಂಡು ಕೇಳು, ಅಮ್ಮನ್ನೂ ಕರಿ, ಅವಳೂ ಕೇಳ್ಲಿ. ಭಾನುವಾರ ಗಾಳಿ ಇರ್ಲಿಲ್ಲ ಮಗಳೇ.