ತೊಯ್ಯದ ಸೆರಗು

ಕೌಲ್ ಬಜಾರಿನ ನಮ್ಮ ಓಣಿಯಲ್ಲಿ ಅಂದು ಸಂಜೆಯೇ ಕರೆಂಟು ಹೋಗಿತ್ತು. ಮಳೆ ತಗಡಿನ ಮೇಲೆ ಬಿಡದೆ ಬಡಿಯುತ್ತಿತ್ತು. ನಾನು ತುಂಬು ಬಸುರಿ. ಮರುದಿನ ನನಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವ ಕುಬಸದ ಶಾಸ್ತ್ರ. ಸಿರುಗುಪ್ಪದಿಂದ ಬರಲಿದ್ದ ನಮ್ಮತ್ತೆ ಮೊದಲೇ ಹೇಳಿ ಕಳಿಸಿದ್ದರು: ಗಂಡ ಸತ್ತ ನಮ್ಮ ದೊಡ್ಡವ್ವ ಗುರುಬಸಮ್ಮ ಉಡಿ ತುಂಬಲು ಮುಂದೆ ಬರಬಾರದು. ಹೇಗೆ ತಿಳಿಸಲಿ ಎಂದು ತೋಚದೆ ಮತ್ತೆ ಮತ್ತೆ ಎದ್ದು ಬಾಗಿಲ ಚಿಲಕ ನೋಡಿ ಬರುತ್ತಿದ್ದೆ. ಕೊನೆಗೆ ಹೇಳಿಯೇಬಿಟ್ಟೆ. ದೊಡ್ಡವ್ವ ಎಲೆಯಡಿಕೆಯ ಬಾಯಲ್ಲೇ ನಕ್ಕಳು. ಕಂದೀಲಿನ ಸುತ್ತ ಕುಳಿತಿದ್ದ ಓಣಿಯ ಹುಡುಗಿಯರು ಹತ್ತಿರ ಸರಿದರು.

“ಹೇಳ್ಲಿ ಬಿಡು. ನಿಮ್ಮವ್ವನ ಕುಬಸದಾಗೂ ಇದಾ ಮಾತು ಬಂದಿತ್ತು… ಕೇಳ್ರಿ ಎಲ್ಲಾರೂ.

“ಅರವತ್ನಾಕನೇ ಇಸವಿ. ನನ್ನ ಗಂಡ ತೀರಿಕೊಂಡು ಇನ್ನಾ ವರ್ಷ ತುಂಬಿದ್ದಿಲ್ಲ. ಕರೂರಿಗೆ ಕೊಟ್ಟ ತಂಗಿ ಸಾವಂತ್ರಿ, ಅಂದ್ರ ನಿಮ್ಮವ್ವ, ಅಕ್ಕಾ ನನ್ನ ಉಡಿ ಮೊದಲು ನೀನಾ ತುಂಬಬೇಕು ಅಂತ ಹೇಳಿ ಕಳಿಸಿದ್ಲು. ತಾಯಿ ಇಲ್ಲದ ಕೂಸು, ನಾನಾ ಎತ್ತಿ ಆಡಿಸಿದಾಕಿ… ಬಿಟ್ಟಿರಾಕ ಆಗ್ತೈತೇನು? ನಮ್ಮ ಓಣಿ ಓಬಳೇಶನ ಜೀಪಿಗೆ ಟ್ರೈಲರ್ ಕಟ್ಟಿಸಿ, ಹೆಣ್ಮಕ್ಕಳೆಲ್ಲ ಹಾಡ್ಕೋತ ನಕ್ಕೋತ ಹೊಂಟ್ವಿ. ಕುರುಗೋಡು ದಾಟೋದ್ರಾಗ ಹಳ್ಳ ತುಂಬಿ ರೋಡಾ ಕಾಣದಂಗಾತು. ಹೊಲದಾಗಿನ ಬಂಡಿ ಜಾಡು ಹಿಡಿದ್ವಿ. ಎರಿ ನೆಲ, ಮ್ಯಾಲೆ ಜಿಟಿಜಿಟಿ ಮಳಿ… ಒಂದು ಜಾಲಿ ಗಿಡದ ಹಂತೇಲಿ ಜೀಪು ಅರ್ಧ ಗಾಲಿ ಹೂತು ಕುಂತು, ಇಂಜಿನ್ನೂ ಬಂದಾತು. ಓಬಳೇಶ ಹ್ಯಾಂಡ್ಲ್ ತಿರುವಿ ತಿರುವಿ ಸೋತ. ‘ಅವ್ವಾರಾ, ಇಳೀರಿ, ಸಾಮಾನೂ ಇಳಸ್ರಿ, ತೂಕ ಕಮ್ಮಿ ಆಗ್ಲಿ’ ಅಂದ.

“ಉಡಿಬುಟ್ಟಿ ನಮ್ಮ ಸೋದರತ್ತಿ ಸತ್ಯಮ್ಮನ ಕೈಯಾಗಿತ್ತು. ದಾರ್ಯಾಗ ಅದನ್ನ ನೆಲಕ್ಕ ಇಡಬಾರದು, ಇಟ್ರ ಆ ನೆಲದಾಗಿರೋರ ಪಾಲಾಗ್ತೈತಿ ಅಂತ ನಮಗ ಕಲಿಸಿದಾಕಿ ಆಕೀನಾ. ‘ಇತ್ತ ಕೊಡತ್ತಿ, ನೀ ಇಳಿಯೋತನ ನಾ ಹಿಡಕೊಂತೀನಿ’ ಅಂದೆ. ‘ನಿನ್ನ ಕೈಯಾಗ? ದೂರ ನಿಂದ್ರು!’ ಅಂದ್ಲು. ಅಂದು… ತಾನಾ ಬಗ್ಗಿ ಬುಟ್ಟಿ ಕೆಸರಾಗ ಇಟ್ಲು ನೋಡ್ರಿ.

“ಜಾಲಿ ಗಿಡದ ಹಿಂದಿಂದ ಒಬ್ಬಾಕಿ ಬಂದ್ಲು. ತುಂಬಿದ ಬಸುರಿ. ನಾವು ತೊಯ್ದು ತೊಪ್ಪಿ ಆಗೀವಿ, ಆಕಿ ಸೆರಗಿನ ಮ್ಯಾಲೆ ಒಂದು ಹನಿ ಇಲ್ಲ… ಕೆಸರಾಗ ಹೆಜ್ಜಿನೂ ಮೂಡವಲ್ಲದು. ಬುಟ್ಟಿ ಮುಂದ ನಿಂತು ಸೆರಗು ಒಡ್ಡಿದ್ಲು. ಕುಬಸ ಕಾಣದಾ ಸತ್ತಾಕಿ ಇರಬೇಕು, ಪಾಪ… ಮುತ್ತೈದೇರೆಲ್ಲ ಚೀರಿ ಟ್ರೈಲರ್ ಹತ್ತಿದ್ರು, ಓಬಳೇಶ ಎಲ್ಲಾರಕಿಂತ ಮೊದಲು!

“‘ಸತ್ಯಮ್ಮತ್ತಿ, ನಿನ್ನ ಕೈ ಛಲೋದಲ್ಲಾ, ಬಂದು ತುಂಬು’ ಅಂದೆ. ಆಕಿ ಟ್ರೈಲರ್ ಮೂಲಿಗೆ ಇನ್ನಷ್ಟು ಸರದ್ಲು! ನನಗೇನು ಅಂಜಿಕಿ ಇದ್ದಿಲ್ಲೇನು? ಇತ್ತು… ಸಿಟ್ಟು ಅದಕಿಂತ ಹೆಚ್ಚಿತ್ತು. ಬೊಗಸಿ ತುಂಬ ಅಕ್ಕಿ, ಕೊಬ್ಬರಿ, ಅರಿಷಿಣ ಕೊಂಬು ಹಾಕಿದೆ. ಆಕಿ ಅದರಾಗಿನ ಒಂದು ಹಿಡಿ ಅಕ್ಕಿ ತೆಗೆದು, ಗಂಡ ಹೋದ ಮ್ಯಾಲೆ ಯಾರೂ ತುಂಬದ ನನ್ನ ಸೆರಗಿಗೆ ಹಾಕಿದ್ಲು. ಹಿಂದ ಇಂಜಿನ್ ತಾನಾ ಗುರ್ ಅಂತು, ಹೂತ ಗಾಲಿ ಮ್ಯಾಲೆದ್ವು.

“ಕರೂರಾಗ ಸತ್ಯಮ್ಮ ಮತ್ತ ಅಡ್ಡ ನಿಂತ್ಲು. ‘ಆತು, ನಾ ತುಂಬಂಗಿಲ್ಲ. ಆ ಜಾಲಿ ಗಿಡದಾಕಿ ಟ್ರೈಲರ್‌ನಾಗ ನನ್ನ ಮಗ್ಗಲಾ ಕುಂತು ಬಂದಾಳಲ್ಲ, ಆಕೀನಾ ಕರೀಲೇನು?’ ಅಂದೆ. ಸತ್ಯಮ್ಮ ತಾನಾ ಹಿಂದಕ್ಕ ಸರದ್ಲು. ನಿಮ್ಮವ್ವ ಸೆರಗು ಒಡ್ಡಿದ್ಲು. ಆ ಹಿಡಿ ಅಕ್ಕೀನಾ ಮೊದಲು ಹಾಕಿದೆ. ಹೊಟ್ಟ್ಯಾಗಿದ್ದಾಕಿ ನೀನಾ…”

ಅಡುಗೆಮನೆಯಲ್ಲಿ ಹೂರಣ ರುಬ್ಬುತ್ತಿದ್ದ ಅವ್ವನ ಕೈ ನಿಂತಿತ್ತು.

“ನಾಳಿ ನನ್ನ ಉಡಿ ನೀನಾ ತುಂಬಬೇಕು, ದೊಡ್ಡವ್ವ. ಯಾರು ಏನಂದ್ರೂ,” ಎಂದೆ. “ಆದ್ರ ಆಕಿ ಜೋಡಿ ಬಂದಾಳ ಅಂದಿದ್ದು… ಬರೇ ಅವರನ್ನ ಹೆದರಸಾಕಲ್ಲೇನು?”

ದೊಡ್ಡವ್ವ ಬಾಗಿಲ ಕಡೆ ನೋಡಿದಳು.

“ಆಗಿಂದ ಆ ಚಿಲಕ ನೋಡಾಕತ್ತೀಯಲ್ಲ… ಏಳು, ತೆಗಿ. ತೊಯ್ಯಂಗಿಲ್ಲ ಅಂತ ಬಸುರಿ ಹೆಂಗಸನ್ನ ಮಳ್ಯಾಗ ನಿಂದ್ರಸ್ತಾರೇನು?”