ಒಡೆದ ಬಕೀಟಿನ ಮೆಂತ್ಯ

ಶ್ರೀಮಂತನೊಬ್ಬನಿದ್ದ, ಒಂದೂರಲ್ಲಿ. ಯಾವ ಊರು, ಯಾವ ಮನೆತನ ಎಂದು ಪಕ್ಕದವರ ಮುಖ ನೋಡಬೇಡಿ, ನಿಮ್ಮೂರಿನವನೇ ಎಂದು ಇಟ್ಟುಕೊಳ್ಳಿ. ಕಥೆಯಲ್ಲಿ ಶ್ರೀಮಂತ ಬಂದ ಕೂಡಲೇ ನಿಮಗೆಲ್ಲ ಒಬ್ಬ ಜಿಪುಣ ಕಣ್ಣಿಗೆ ಕಟ್ಟುತ್ತಾನೆ. ಇವನು ಹಾಗಲ್ಲ. ಕೊಡುಗೈಯವನು. ಹಬ್ಬ ಬಂತೆಂದರೆ ಓಣಿಯ ಮನೆ ಮನೆಗೂ ಇವನ ಮನೆಯಿಂದ ಹೋಳಿಗೆ ಹೋಗುತ್ತಿತ್ತು. ಕೊಡುವುದರಲ್ಲಿ ಇವನನ್ನು ಮೀರಿಸುವವರು ಇರಲಿಲ್ಲ. ತಗೊಳ್ಳುವುದು ಮಾತ್ರ ಇವನಿಗೆ ಗೊತ್ತಿರಲಿಲ್ಲ.

ಇವನ ಗೋಡೆಗೆ ಹತ್ತಿಕೊಂಡೇ ಒಂದು ಸಣ್ಣ ಮನೆ. ಅಲ್ಲಿ ಕೌದಿ ಹೊಲಿದು ಬದುಕುವ ಒಬ್ಬ ಹೆಣ್ಣುಮಗಳು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಹಳೇ ಸೀರೆಗಳನ್ನು ಜೋಡಿಸಿ ಕೆಂಪು ದಾರದಲ್ಲಿ ಹೊಲಿಯುತ್ತ ಕೂತರೆ ಹೊತ್ತು ಹೋಗುತ್ತಿತ್ತು, ಹೊಟ್ಟೆಗೆ ಅಷ್ಟಿಷ್ಟು ಆಗುತ್ತಿತ್ತು.

ಒಂದು ಯುಗಾದಿಗೆ ಶ್ರೀಮಂತನ ಹೆಂಡತಿ ಸ್ಟೀಲಿನ ಡಬ್ಬಿಯಲ್ಲಿ ಹೋಳಿಗೆ ತುಂಬಿ ಆಕೆಗೆ ಕೊಟ್ಟಳು. ಡಬ್ಬಿ ಮರುದಿನ ಬರಲಿಲ್ಲ. ವಾರವಾದರೂ ಬರಲಿಲ್ಲ. ಓಣಿಯಲ್ಲಿ ಮಾತು ಶುರುವಾಯಿತು. ನಮ್ಮ ಜನಕ್ಕೆ ಹೇಳಬೇಕೇ? "ಹೋಳಿಗಿ ಜೋಡಿ ಡಬ್ಬೀನೂ ನುಂಗ್ಯಾಳ" ಎಂದರು. ನಗುತ್ತೀರಿ. ನೀವಾಗಿದ್ದರೂ ಹಾಗೇ ಅನ್ನುತ್ತಿದ್ದಿರಿ.

ತಾಯಂದಿರೇ, ನೀವು ಹೇಳಿ. ಬೇರೆಯವರ ಮನೆಯ ಪಾತ್ರೆಯನ್ನು ನೀವು ಖಾಲಿ ವಾಪಸ್ ಕೊಡುತ್ತೀರಾ? ಇಲ್ಲ. ಒಂದು ಚಮಚ ಸಕ್ಕರೆಯನ್ನಾದರೂ ಹಾಕಿಯೇ ಕೊಡುತ್ತೀರಿ. ಆಕೆಯ ಮನೆಯಲ್ಲಿ ಆ ಒಂದು ಚಮಚ ಸಕ್ಕರೆಯೂ ಇರಲಿಲ್ಲ. ಡಬ್ಬಿಯನ್ನು ತೊಳೆದು, ಒರೆಸಿ, ಬೋರಲು ಹಾಕಿ ದಿನವೂ ಅದನ್ನೇ ನೋಡುತ್ತಿದ್ದಳು. ಕಳ್ಳಿ ಅನ್ನಿಸಿಕೊಂಡಳೇ ಹೊರತು ಖಾಲಿ ಡಬ್ಬಿ ಕೊಡಲು ಮನಸ್ಸು ಬರಲಿಲ್ಲ.

ಆಮೇಲೆ ಏನು ಮಾಡಿದಳು? ಒಗ್ಗರಣೆ ಡಬ್ಬಿಯ ತಳದಲ್ಲಿ ಒಂದಿಷ್ಟು ಮೆಂತ್ಯದ ಕಾಳಿದ್ದವು. ನೆನೆ ಹಾಕಿದಳು. ಯಾರೋ ಎಸೆದಿದ್ದ ಒಡೆದ ಬಕೀಟು ತಂದು, ಮಣ್ಣು ತುಂಬಿ, ಒಲೆಯ ಬೂದಿ ಬೆರೆಸಿ, ಕಾಳು ಚೆಲ್ಲಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿದಳು. ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು, ಅದೇ ಅದಕ್ಕೆ ಊಟ. ಖರ್ಚು ಎಲ್ಲಿ ಬಂತು? ಒಂದು ಕಾಸೂ ಇಲ್ಲ. ತಿಂಗಳೊಪ್ಪತ್ತಿನಲ್ಲಿ ಬಕೀಟು ಹಸಿರಾಯಿತು. ಕಿತ್ತು, ತನ್ನ ಕೌದಿಯ ಕೆಂಪು ದಾರದಲ್ಲಿ ಕಟ್ಟಿ, ಡಬ್ಬಿಯಲ್ಲಿಟ್ಟು ಶ್ರೀಮಂತನ ಮನೆಗೆ ಹೋದಳು.

"ಅಕ್ಕಾರ, ತಡಾ ಆತ್ರಿ. ಸಿಟ್ಟಾಗಬ್ಯಾಡ್ರಿ."

ಅವತ್ತು ಓಣಿಯಲ್ಲಿ ಆಕೆ ನಡೆದು ಬಂದ ರೀತಿಯೇ ಬೇರೆ. ಅಲ್ಲಿಂದ ಮುಂದೆ ಪ್ರತಿ ಹಬ್ಬಕ್ಕೂ ಹೋಳಿಗೆ ಹೋಗುವುದು, ಮೆಂತ್ಯ ಬರುವುದು. ಹಬ್ಬಕ್ಕೆ ಹೊಂದುವ ಹಾಗೆ ಲೆಕ್ಕ ಹಾಕಿ ಬಿತ್ತುತ್ತಿದ್ದಳು. ಬೇಡುವವಳಾಗಿರಲಿಲ್ಲ ಈಗ ಆಕೆ, ನೆರೆಮನೆಯವಳಾಗಿದ್ದಳು. ಎರಡಕ್ಕೂ ಎಷ್ಟು ಅಂತರ ಎಂಬುದು ಬೇಡಿದವರಿಗೇ ಗೊತ್ತು.

ಆದರೆ ಆ ಸೊಪ್ಪನ್ನು ಶ್ರೀಮಂತನ ಮನೆಯಲ್ಲಿ ಯಾರೂ ತಿನ್ನುತ್ತಿರಲಿಲ್ಲ. ಅವನಿಗೆ ಬುಟ್ಟಿಗಟ್ಟಲೆ ಕಾಯಿಪಲ್ಯ ಸಂತೆಯಿಂದ ಬರುತ್ತಿತ್ತು. ಒಡೆದ ಬಕೀಟು, ತೊಳೆದ ನೀರು ಎಂದು ಕೇಳಿದವನೇ ಮುಖ ಕಿವುಚಿ, "ಆಕಳಿಗೆ ಹಾಕ್ರಿ, ಪುಣ್ಯ ಬರತೈತಿ" ಎಂದಿದ್ದ. ಹೆಂಡತಿ ಎದುರಾಡಲಿಲ್ಲ.

ಒಂದು ನಾಗರ ಪಂಚಮಿಯ ಮರುದಿನ ಆಕೆ ಡಬ್ಬಿ ಹಿಡಿದು ಹಿತ್ತಲ ಬಾಗಿಲಿಂದ ಬಂದಳು. ಹಿಂದಿನ ವಾರ ಒಂದು ಕಟ್ಟು ಸೊಪ್ಪು ಹೆಚ್ಚಾಗಿ ಬೆಳೆದಿತ್ತೆಂದು ಸುಮ್ಮನೆ ಕೊಟ್ಟು ಹೋಗಿದ್ದಳು. ಅದು ಬಾಡಿ ಆಕಳ ಮುಂದೆ ಬಿದ್ದಿತ್ತು. ಕಟ್ಟನ್ನು ಬಿಚ್ಚಿರಲೂ ಇಲ್ಲ. ಕೆಂಪು ದಾರ ಹಾಗೇ ಇತ್ತು.

ಆಕೆ ನಿಂತೇ ಇದ್ದಳು. ಶ್ರೀಮಂತ ನೋಡಿದ. ಅವನಿಗೂ ಕಸಿವಿಸಿ. ಒಳ್ಳೆಯವನು ನೋಡಿ, ಸಮಾಧಾನ ಮಾಡಲು ಹೋದ.

"ನಿನಗ್ಯಾಕ ತಂಗಿ ಇಷ್ಟ ತ್ರಾಸು? ಡಬ್ಬಿ ಖಾಲಿನ ಕೊಡು, ನಡೀತೈತಿ."

ಆಕೆ ಡಬ್ಬಿಯಲ್ಲಿದ್ದ ಸೊಪ್ಪನ್ನು ತಾನೇ ಆಕಳಿಗೆ ಹಾಕಿ, ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ಹೋದಳು.

ಚೌತಿಗೆ ಹೋಳಿಗೆ ಹೋಯಿತು. "ಉಪಾಸ ಅದೀನ್ರಿ" ಎಂದಳು. ದಸರೆಗೆ ಹೋಯಿತು. "ಉಪಾಸ ಅದೀನ್ರಿ." ದೀಪಾವಳಿಗೂ ಅದೇ ಮಾತು. ಹಬ್ಬದ ದಿನವೆಲ್ಲ ಉಪವಾಸ ಇರುವವರನ್ನು ನೀವು ನೋಡಿದ್ದೀರಾ? ಬಕೀಟಿನ ಮಣ್ಣು ಒಣಗಿ ಬಿರಿಯಿತು. ಆಕೆ ಮತ್ತೆ ಬಿತ್ತಲಿಲ್ಲ.

ಚಳಿಗಾಲದಲ್ಲಿ ಆಕೆಗೆ ಜ್ವರ ಹತ್ತಿತು. ಯಾರಿಗೂ ಹೇಳಲಿಲ್ಲ. ಬಾಗಿಲು ತೆರೆಯದ್ದು ಕಂಡು ಓಣಿಯವರು ಕೂಗಿದಾಗ ಶ್ರೀಮಂತ ಡಾಕ್ಟರನ್ನು ಕರೆಸಿದ, ಹೆಂಡತಿ ಗಂಜಿ ಕಾಸಿ ತಂದಳು. ಆಕೆ ಗಂಜಿಗೆ ಬಾಯಿ ತೆರೆಯಲಿಲ್ಲ.

"ತಿರುಗಿ ಕೊಡಾಕ ನನ್ನ ಹತ್ರ ಏನೂ ಇಲ್ರಿ, ಸಾವ್ಕಾರ್ರ."

"ನಿನ್ನಿಂದ ನಮಗೇನೂ ಬೇಕಾಗಿಲ್ಲ ತಂಗಿ. ನೀ ಮೊದಲ ಕುಡಿ."

ಎಂಥ ಒಳ್ಳೆಯ ಮಾತು, ಅಲ್ಲವೇ? ನಿನ್ನಿಂದ ನಮಗೇನೂ ಬೇಕಾಗಿಲ್ಲ! ಆ ಒಳ್ಳೆಯ ಮಾತು ಕೇಳಿ ಆಕೆ ಗೋಡೆಯ ಕಡೆ ಹೊರಳಿಕೊಂಡಳು. ಯಾರಿಗೂ ಏನೂ ಬೇಕಾಗಿಲ್ಲದಿದ್ದರೆ ಯಾಕಾದರೂ ಏಳಬೇಕು?

ಹೆಂಡತಿಗೆ ಆಗ ಹೊಳೆಯಿತು. ಗಂಡನನ್ನು ಹಿಂದೆ ಸರಿಸಿ, ಹಾಸಿಗೆಯ ಬದಿಗೆ ಕೂತು ಆಕೆಯ ಕೈ ಹಿಡಿದಳು.

"ಯಕ್ಕಾ, ನನಗ ನಿನ್ನ ಮೆಂತ್ಯ ಪಲ್ಯ ಬೇಕು. ತಿನಬೇಕು ಅನಸೇತಿ. ನೀನ ಬೆಳದ ಕೊಡಬೇಕು."

ಆಕೆ ಕಣ್ಣು ಬಿಟ್ಟಳು. "ಖರೇನ?"

"ಖರೇನ ಯಕ್ಕಾ."

ಗಂಜಿ ಒಂದಿಷ್ಟು ಒಳಗೆ ಹೋಯಿತು. ಒಗ್ಗರಣೆ ಡಬ್ಬಿಯಲ್ಲಿ ಕಾಳು ಇವೆ ಎಂದು ಕೈ ತೋರಿಸಿದಳು. ಮಲಗಿದಲ್ಲಿಂದಲೇ, "ಮಣ್ಣ ಭಾಳ ಹಾಕಬ್ಯಾಡ್ರಿ, ತೆಳ್ಳಗ ಉದುರಸ್ರಿ" ಎಂದು ಹೇಳುತ್ತಿದ್ದಳು. ಶ್ರೀಮಂತನ ಹೆಂಡತಿ ಮಣ್ಣಲ್ಲಿ ಕೂತು ಬಿತ್ತಿದಳು. ಆದರೆ ಹಾಸಿಗೆ ಹಿಡಿದವಳ ಮೈಯಲ್ಲಿ ಏನೂ ಉಳಿದಿರಲಿಲ್ಲ. ಮೊಳಕೆ ಮೇಲೆ ಬರುವ ಮೊದಲೇ ಆಕೆ ಹೋದಳು.

ಮೆಂತ್ಯ ಬೆಳೆಯಿತು. ಅದಕ್ಕೇನು ಗೊತ್ತು? ಹೆಂಡತಿ ಅದನ್ನು ಕಿತ್ತು, ಬೇಳೆ ಹಾಕಿ ಪಲ್ಯ ಮಾಡಿ ಗಂಡನಿಗೆ ಬಡಿಸಿದಳು. ಮೊದಲ ತುತ್ತಿಗೇ ಅವನು ನಿಲ್ಲಿಸಿದ. ಅಷ್ಟು ರುಚಿಯಾಗಿತ್ತು.

"ಚೊಲೋ ಐತಿ" ಎಂದ. ಆಮೇಲೆ, "ಯಾರಿಗೆ ಹೇಳಲಿ?" ಎಂದು ತಾಟಿನ ಮುಂದೆಯೇ ಅತ್ತುಬಿಟ್ಟ.

ಕಥೆ ಇಷ್ಟೇ. ನಿಮ್ಮ ಕಣ್ಣು ಒದ್ದೆಯಾಗಿವೆ, ನನ್ನವೂ ಆಗಿವೆ. ಅತ್ತರೆ ಮುಗಿಯಿತೇ? ಕಣ್ಣೊರೆಸಿಕೊಂಡು ಕೇಳಿ.

ನಾಳೆ ಮನೆಯಲ್ಲಿ ಹುಡುಕಿ. ಒಡೆದ ಬಕೀಟು ಇಲ್ಲದ ಮನೆ ಇದೆಯೇ? ಎಣ್ಣೆ ಡಬ್ಬಿ, ಹರಿದ ಚೀಲ, ಯಾವುದಾದರೂ ಸರಿ, ತಳಕ್ಕೆ ತೂತು ಮಾಡಿ. ಕೊತ್ತಂಬರಿ ಕಾಳನ್ನು ಎರಡು ಹೋಳಾಗುವಂತೆ ಉಜ್ಜಿ ಬಿತ್ತಿ. ಕೊಳೆತ ಟೊಮೆಟೊ ಎಸೆಯುತ್ತೀರಲ್ಲ, ಅದನ್ನು ಮಣ್ಣಲ್ಲಿ ಹಿಂಡಿ. ಹಿತ್ತಲಿಲ್ಲ ಸ್ವಾಮಿಗಳೇ ಎನ್ನಬೇಡಿ, ಬಿಸಿಲು ಬೀಳುವ ಒಂದು ಕಿಟಕಿ ಸಾಕು. ಸಂತೆಯ ಖರ್ಚು ಉಳಿಯುತ್ತದೆ, ಉಳಿಯಲಿ. ಅದಕ್ಕಿಂತ ದೊಡ್ಡದು, ನಿಮ್ಮ ಕೈಯಲ್ಲಿ ಕೊಡಲು ಏನೋ ಒಂದು ಇರುತ್ತದೆ.

ಇನ್ನು ತಗೊಳ್ಳುವ ಮಾತು. ನಿಮ್ಮ ಅಕ್ಕ ಬಸ್ಸು ಹತ್ತಿ ಬಂದು ಚೀಲದಿಂದ ತಾನು ಬೆಳೆದ ಹೀರೇಕಾಯಿ ತೆಗೆದಾಗ ಏನನ್ನುತ್ತೀರಿ? "ಇದನ್ಯಾಕ ಹೊತಗೊಂಡ ಬಂದಿ, ಇಲ್ಲೇ ಸಿಗತಾವಲ್ಲ?" ಅನ್ನುತ್ತೀರಿ. ಪ್ರೀತಿಯಿಂದಲೇ ಅನ್ನುತ್ತೀರಿ. ಇನ್ನು ಅನ್ನಬೇಡಿ. ಅವತ್ತೇ ಅಡುಗೆ ಮಾಡಿ, ಆಕೆಯ ಎದುರಿಗೇ ಉಣ್ಣಿ, ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳಿ.

ನಿಮ್ಮ ಓಣಿಯಲ್ಲಿ ಹಬ್ಬದ ದಿನ ಉಪವಾಸ ಎನ್ನುವವರು ಯಾರಿದ್ದಾರೆ? ಈಗ ಒಬ್ಬರ ಮುಖ ನೆನಪಿಗೆ ಬಂತಲ್ಲ, ಅವರೇ. ನಾಳೆ ಅವರ ಬಾಗಿಲಿಗೆ ಹೋಗಿ. ಏನನ್ನೂ ಕೊಡಲು ಹೋಗಬೇಡಿ. ಅಂಗಳದ ಕರಿಬೇವಿನ ಒಂದು ಎಸಳಾದರೂ ಸರಿ, ಕೈ ಚಾಚಿ ಕೇಳಿ ತಗೊಂಡು ಬನ್ನಿ.