ಮೂರನೇ ಮನೆಯಿಂದಲೂ ವಾಪಸು ಬಂದ ನಾಯಿ

ಕೂಡ್ಲಿಗಿ ಬಸ್‌ ನಿಲ್ದಾಣದಲ್ಲಿ ನಾನು ಕಾಯುತ್ತಿದ್ದದ್ದು ಕೊಟ್ಟೂರು ಬಸ್ಸಿಗೆ. ಆದರೆ ಕಿವಿ ಪಕ್ಕದ ಕಲ್ಲುಬೆಂಚಿನ ಕಡೆಗೇ ಹೋಯಿತು. ಟೆಂಪೊದಿಂದ ನಾಯಿ ಇಳಿಸಿಕೊಂಡು ಬಂದವನೊಬ್ಬ ಅಲ್ಲಿ ಕೂತಿದ್ದ ಹೆಂಗಸಿನ ಕೈಗೆ ಹಗ್ಗ ತುರುಕಿದ.

“ತಗೋ ದಾಕ್ಷಾಯಣಕ್ಕ, ನಿನ್ನ ನಾಯಿ. ನನ್ನ ಕೈಲಿ ಆಗಂಗಿಲ್ಲ.”

“ಹಾಲೇಶಪ್ಪ, ಇದು ಮೂರನೇ ಮನಿಯೋ! ಬಾವ್ಯಾಗ ಬಿದ್ದಿದ್ದ ಇದನ್ನ ಎತ್ತಿದ್ದು ನನ್ನ ತಪ್ಪಾತು. ಈ ಸಲ ವಾಪಸ್ ಬಂದ್ರ ಗುಡ್ಡದಾಗ ಬಿಟ್ಟು ಬರ್ತೀನಿ ಅಂದಾರ ನಮ್ಮನಿಯವ್ರು. ಏನ್ ಮಾಡ್ತು? ಕಚ್ತೇನು?”

“ಕಚ್ಚಿದ್ರ ಚಲೋ ಇತ್ತು. ದಿನಾ ಸಂಜಿಕೆ ನಮ್ಮ ತಂಬ್ರಹಳ್ಳಿ ಓಣ್ಯಾಗಿನ ಆಡು, ಕುರಿ ಎಲ್ಲಾ ಹೊಡಕೊಂಡು ಬಂದು ನಮ್ಮ ಅಂಗಳದಾಗ ಕೂಡಿ ಹಾಕ್ತೈತಿ. ಮಂದಿ ನನ್ನ ಕಳ್ಳ ಅಂತಾರ!”

“ಕಟ್ಟಿ ಹಾಕಬೇಕಿತ್ತಪ್ಪಾ.”

“ಗೂಟಾನ ಕಿತಗೊಂಡು ಹೋಕ್ಕೈತಿ!”

ಚಹಾ ಕುಡಿಯುತ್ತ ನಿಂತಿದ್ದ, ಹೆಗಲ ಮೇಲೆ ಕಂಬಳಿ ಹೊತ್ತ ಕುರಿಗಾರನೊಬ್ಬ ತಿರುಗಿದ.

“ಒಂದು ಕುರಿಗಾದ್ರೂ ಇದರ ಹಲ್ಲು ತಾಗಿತ್ತೇನ್ರಿ?”

“ಇಲ್ಲಪ್ಪ, ಒಂದಕ್ಕೂ ಇಲ್ಲ.”

“ಹಂಗಾರ ನನಗ ಕೊಡ್ರವ್ವ. ಗುಡೇಕೋಟೆ ಮೈಲಪ್ಪ ನಾನು. ನಮ್ಮ ಕುರಿ ಇಲ್ಲೇ ಕೆರಿ ಹಿಂದ ಮೇಯಾಕ ಹತ್ಯಾವ.”

“ಕೊಡ್ತೀನಿ. ವಾಪಸ್ ಮಾತ್ರ ತರಬ್ಯಾಡಪ್ಪಾ, ಕೈ ಮುಗಿತೀನಿ.”

ಮೈಲಪ್ಪ ನಾಯಿಯ ಕೊರಳಿನ ಹಗ್ಗ ಬಿಚ್ಚಿ ಆಕೆಯ ಕೈಗೇ ಕೊಟ್ಟ.

“ಅಯ್ಯ, ಓಡಿ ಹೋಕ್ಕೈತೋ!”

ಓಡಲಿಲ್ಲ. ಕಂಬಳಿಯ ಅಂಚನ್ನು ಮೂಸಿ, ಅವನ ಹಿಂದೆಯೇ ಕೆರೆಯ ದಾರಿ ಹಿಡಿಯಿತು.

“ನೋಡಲೇ ಹಾಲೇಶ, ತಿಂಗಳಗಟ್ಲೆ ಹಾಲು ರೊಟ್ಟಿ ತಿಂತು. ಒಂದಿನಾನೂ ನನ್ನ ಹಿಂದ ಹಂಗ ನಡೀಲಿಲ್ಲ, ಹಾಳಾದ್ದು!” ಎನ್ನುತ್ತ ದಾಕ್ಷಾಯಣಮ್ಮ ಬರಿ ಹಗ್ಗವನ್ನು ಕೈಗೆ ಸುತ್ತಿಕೊಂಡು ಬಸ್ಸು ಹತ್ತಿದರು.